ಭೂಮಿ ನಡುಗಲೇ ಇಲ್ಲ ಎಂದು ನಾನು ಸಾಧಿಸಿದ ದಿನ

ನಮ್ಮೂರಲ್ಲಿ ಭೂಮಿ ನಡುಗಿದ ದಿನ ಎಲ್ಲರೂ ನಡುಗಿತು ನಡುಗಿತು ಎಂದು ಬೀದಿಗೆ ಓಡಿದರೆ, ಏನೂ ನಡುಗಿಲ್ಲ ಎಂದು ಸಾಧಿಸುತ್ತಾ ಕುರ್ಚಿಯಲ್ಲಿ ಕೂತಿದ್ದವನು ಇಡೀ ಭದ್ರಾವತಿಗೆ ನಾನೊಬ್ಬನೇ ಇರಬೇಕು. ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಕಾಲಡಿಯ ನೆಲ ಅಲ್ಲಾಡಿದರೆ ಗೊತ್ತೂ ಆಗುತ್ತದೆ. ಆದರೂ ಇಲ್ಲ ಎಂದೆ. ಯಾಕೆ ಎಂದು ಹೇಳಬೇಕಾದರೆ ಮೊದಲು ನನ್ನ ಮೊಮ್ಮಗಳ ವಿಷಯ ಹೇಳಬೇಕು. ಅವಳ ವಿಷಯ ಹೇಳಲು ಯಾರಾದರೂ ಸಿಕ್ಕರೆ ಸಾಕು ಎಂದು ನಾನು ಕಾಯುತ್ತಲೇ ಇರುತ್ತೇನೆ. ಪೇಪರ್ ಹಾಕುವವನು ಈಗ ನಮ್ಮ ಗೇಟಿನ ಹತ್ತಿರ ಸೈಕಲ್ ನಿಲ್ಲಿಸುವುದಿಲ್ಲ, ದೂರದಿಂದಲೇ ಎಸೆದು ಹೋಗುತ್ತಾನೆ. ಹಾಲಿನವನೂ ಹಾಗೇ ಮಾಡಲು ನೋಡಿದ, ಒಂದು ಪ್ಯಾಕೆಟ್ ಒಡೆದ ಮೇಲೆ ಬಿಟ್ಟ.

ನಮಗೆ ಒಬ್ಬಳೇ ಮಗಳು. ಶಿವಮೊಗ್ಗಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, ಹೆಣ್ಣು ಮಗು ಹುಟ್ಟಿತು. ನಾನು ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಮಗು ಹೇಗಿತ್ತು ಎಂದು ಬರೆಯಲು ಹೋದರೆ ನನ್ನ ಹತ್ತಿರ ಇರುವ ಮಾತುಗಳು ಸಾಲುವುದಿಲ್ಲ. ಆಗ ತಾನೇ ಇಳಿಸಿದ ಕಡುಬಿನ ಹಾಗಿತ್ತು ಎಂದರೆ ನನ್ನ ಹೆಂಡತಿ ಬೈಯುತ್ತಾಳೆ. ಆದರೆ ಇದ್ದದ್ದು ಹಾಗೆಯೇ. ಎಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಹಳೇ ಪಂಚೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟರೆ ಅದರ ಮೈಯಿಂದ ಹಬೆ ಏಳುತ್ತಿತ್ತು. ಹಣೆಗೆ ವಿಭೂತಿ ಇಡುವ ಕೆಲಸ ನನ್ನದು. ಇಡುವಾಗ ಮಗು ಎರಡೂ ಹುಬ್ಬು ಎತ್ತಿ, ಯಾರಪ್ಪಾ ನೀನು ಎಂದು ಕೇಳುವ ಹಾಗೆ ನೋಡುತ್ತಿತ್ತು. ನಾನು ದಿನವೂ ಹೊಸದಾಗಿ ಪರಿಚಯ ಹೇಳಿಕೊಳ್ಳುತ್ತಿದ್ದೆ.

ಈಗ ನಮ್ಮ ಕಡೆಯ ಪದ್ಧತಿ ಒಂದಿದೆ. ಬಾಣಂತಿಯನ್ನು ಗಂಡನ ಮನೆಗೆ ಕಳಿಸುವುದು ಬೆಸ ತಿಂಗಳಲ್ಲಿ. ಮೂರರಲ್ಲಿ ಕಳಿಸಬೇಕು, ಅದು ತಪ್ಪಿದರೆ ಐದರಲ್ಲಿ. ನಾಲ್ಕರಲ್ಲಿ ಯಾರೂ ಕಳಿಸುವುದಿಲ್ಲ, ಯಾರೂ ಕರೆಯುವುದೂ ಇಲ್ಲ. ಹೇಗಾದರೂ ಮಾಡಿ ಮೂರನೇ ತಿಂಗಳನ್ನು ದಾಟಿಸಿಬಿಟ್ಟರೆ ಐದರವರೆಗೆ ಮಗು ನನ್ನ ತೊಡೆಯ ಮೇಲೆ. ಇದು ನನ್ನ ಲೆಕ್ಕ. ಮೂರರಲ್ಲೇ ಎತ್ತಿಕೊಂಡು ಹೋಗುವುದು ಬೀಗಿತ್ತಿಯವರ ಲೆಕ್ಕ. ಅವರಿಗೂ ಅದು ಮೊದಲನೇ ಮೊಮ್ಮಗು, ಅವರಿಗೂ ತೊಡೆ ಇದೆ. ಅದು ನನಗೆ ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೇ ಅಷ್ಟು ಹುಷಾರಾಗಿದ್ದೆ.

ಅವರ ಕೈಯಲ್ಲಿ ಒಂದು ದೊಡ್ಡ ಅಸ್ತ್ರವಿತ್ತು. ನಮ್ಮ ಮನೆ ಇರುವುದು ರೈಲು ಹಳಿಯ ಮಗ್ಗುಲಲ್ಲಿ. ಪ್ಯಾಸೆಂಜರ್ ಬಂದರೆ ಕಿಟಕಿ ಗುಯ್ಗುಡುತ್ತದೆ. ಗೂಡ್ಸ್ ಗಾಡಿ ಬಂದರೆ ಅಡಿಗೆಮನೆಯ ಸ್ಟ್ಯಾಂಡಿನಲ್ಲಿರುವ ತಟ್ಟೆಗಳೆಲ್ಲ ತಾಳ ಹಾಕುತ್ತವೆ, ದೇವರ ಫೋಟೊ ಓರೆಯಾಗುತ್ತದೆ, ಮಂಚ ಗೋಡೆಯಿಂದ ಒಂದಿಷ್ಟು ಈಚೆ ಬರುತ್ತದೆ. ಮದುವೆಯಾದಾಗಿನಿಂದ ನಾವು ಇದರಲ್ಲೇ ಬದುಕಿದ್ದೇವೆ. ಗಾಡಿ ಬಂದಾಗ ಜಗಳ ನಿಲ್ಲಿಸಿ, ಹೋದ ಮೇಲೆ ಅದೇ ಬೈಗುಳವನ್ನು ಬಿಟ್ಟಲ್ಲಿಂದ ಮುಂದುವರಿಸುವುದು ನನ್ನ ಹೆಂಡತಿಗೆ ಉಸಿರಾಡಿದಷ್ಟು ಸಲೀಸು.

ಬೀಗಿತ್ತಿಯವರು ದಿನಾ ಫೋನ್ ಮಾಡುತ್ತಿದ್ದರು.

"ಬೀಗರೇ, ಮಗು ಬೆಚ್ಚುತ್ತಾ?"

"ಬೆಚ್ಚೋದಾ? ಯಾಕೆ?"

"ರೈಲಿಗೆ."

"ಯಾವ ರೈಲು?" ಎಂದೆ ನಾನು.

"ನಿಮ್ಮನೆ ಹಿಂದೆ ಹೋಗುತ್ತಲ್ಲ, ಆ ರೈಲು."

"ಓ ಅದಾ. ಅದು ಬರೋದು ಹೋಗೋದು ನಮಗೇ ತಿಳಿಯಲ್ಲ ಬಿಡಿ. ಈಗಿನ ಗಾಡಿ ಎಲ್ಲ ಕರೆಂಟಿನವು, ಹಗುರ."

"ನಾನೇ ಬಂದು ನೋಡ್ತೀನಿ. ಮನೆ ಅಲ್ಲಾಡುತ್ತೆ ಅಂತಾದ್ರೆ ಮೂರಕ್ಕೇ ಕರ್ಕೊಂಡು ಬರೋದು. ನಮ್ಮದು ಹೊಸ ಕಟ್ಟಡ, ಮೂರನೇ ಮಹಡಿ. ಒಂದು ಚಮಚ ಅಲ್ಲಾಡಲ್ಲ."

ಅವರು ಗುರುವಾರ ಬರುತ್ತೇನೆ ಎಂದರು. ಬುಧವಾರ ನಾನು ಕೆಲಸಕ್ಕೆ ಕೂತೆ. ಹಳೇ ಬನಿಯನ್ನುಗಳನ್ನು ಚೂರು ಚೂರು ಹರಿದು ಒಂದೊಂದು ತಟ್ಟೆಯ ನಡುವೆ ಒಂದೊಂದು ಚೂರು ಇಟ್ಟೆ. ಲೋಟಗಳನ್ನು ಅಕ್ಕಿ ಡಬ್ಬಿಯೊಳಗೆ ಹೂತೆ. ದೇವರ ಫೋಟೊದ ಹಿಂದೆ ಹಿಟ್ಟಿನ ಅಂಟು. ಮಂಚದ ಕಾಲಿಗೆ ಹಳೇ ಹವಾಯಿ ಚಪ್ಪಲಿಯ ತುಂಡು. ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡುತ್ತಾ ನಿಂತಿದ್ದಳು.

"ಈ ಬುದ್ಧಿನ ಶಾಲೇಲಿ ಓಡ್ಸಿದ್ರೆ ಇಂಜಿನಿಯರ್ ಆಗಿರ್ತಿದ್ರಿ."

"ಇಂಜಿನಿಯರ್ ಆಗಿದ್ರೆ ನಿಮ್ಮಪ್ಪ ನಿನ್ನ ನಂಗೆ ಕೊಡ್ತಿದ್ನಾ ಮಾರಾಯ್ತಿ?"

"ಕೊಡ್ತಿರ್ಲಿಲ್ಲ. ನಾನು ಬಚಾವಾಗ್ತಿದ್ದೆ."

ಬೈದರೂ ಅವಳು ನನ್ನ ಕಡೆಯೇ. ಇಬ್ಬರೂ ಕೂತು ಉಪಾಯ ಮಾಡಿದೆವು. ರೈಲು ಬರುವ ಮೊದಲು ರಸ್ತೆಗೆ ಅಡ್ಡ ಗೇಟು ಹಾಕುತ್ತಾರಲ್ಲ, ಗೇಟು ಬಿದ್ದ ಕೂಡಲೇ ಆಟೋದವರು ಹಾರ್ನ್ ಹೊಡೆಯಲು ಶುರುಮಾಡುತ್ತಾರೆ. ಹಾರ್ನ್ ಕೇಳಿದ್ದೇ ತಡ, ನಾನು ಒಳಗೆ ಹೋಗಿ ಮಿಕ್ಸಿ ಹಾಕುವುದು. ಬಾಣಂತಿ ಮನೆಯಲ್ಲಿ ಶುಂಠಿ ಪುಡಿ, ಮೆಣಸಿನ ಪುಡಿ ಎಂದು ಮಿಕ್ಸಿ ತಿರುಗುತ್ತಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಗುರುವಾರ ಬೆಳಿಗ್ಗೆ ಬೀಗಿತ್ತಿಯವರು ಒಬ್ಬರೇ ಬಸ್ಸಿನಲ್ಲಿ ಬಂದರು. ಅಳಿಯಂದಿರು ಕೆಲಸದ ಮೇಲೆ ದಾವಣಗೆರೆಗೆ ಹೋಗಿದ್ದರು, ಬೀಗರು ಶಿವಮೊಗ್ಗದ ಮನೆಯಲ್ಲೇ ಉಳಿದಿದ್ದರು. ಬೀಗಿತ್ತಿಯವರು ಎತ್ತರದ ಆಳು. ಬಾಗಿಲಲ್ಲಿ ನಿಂತರೆ ನಮ್ಮ ಹಾಲಿಗೆ ಬೆಳಕು ಕಮ್ಮಿಯಾಗುತ್ತದೆ. ಒಂದು ಡಬ್ಬಿ ಅಂಟಿನುಂಡೆ ತಂದಿದ್ದರು. ಮಗುವನ್ನು ಎತ್ತಿಕೊಂಡರು, ಮೂಸಿದರು, ಅವರ ಕಣ್ಣು ಒದ್ದೆಯಾಯಿತು. ಆಮೇಲೆ ಕಣ್ಣೊರೆಸಿಕೊಂಡು ಮನೆಯ ಗೋಡೆಗಳನ್ನು ನೋಡಲು ಶುರುಮಾಡಿದರು.

ಮೊದಲನೇ ಸಲ ಹಾರ್ನ್ ಕೇಳಿತು. ನಾನು ಎದ್ದು ಹೋಗಿ ಮಿಕ್ಸಿ ಹಾಕಿದೆ. ಪ್ಯಾಸೆಂಜರ್ ಗಾಡಿ ಹೋಗುವವರೆಗೂ ಒಣಶುಂಠಿ ತಿರುಗಿತು.

"ನಿಮ್ಮ ಮಿಕ್ಸಿ ಬಲೇ ಜೋರು ಬೀಗರೇ. ನೆಲ ಎಲ್ಲ ಜುಮ್ ಅಂತು," ಎಂದರು ಬೀಗಿತ್ತಿಯವರು.

"ಹಳೇದಲ್ವಾ," ಎಂದೆ.

ಎರಡನೇ ಸಲವೂ ಹಾರ್ನ್ ಕೇಳಿತು. ಆಗ ಶುಂಠಿ ಮುಗಿದಿತ್ತು, ಕೈಗೆ ಸಿಕ್ಕ ಕಡಲೆಬೇಳೆ ಹಾಕಿ ತಿರುಗಿಸಿದೆ. ಮಗಳು ಕೋಣೆಯ ಬಾಗಿಲಿಂದ ಇಣುಕಿ, "ಅಪ್ಪಾಜಿ, ಬಾಣಂತಿಗೆ ಕಡಲೆಹಿಟ್ಟು ಯಾರು ಕೊಡ್ತಾರೆ?" ಎಂದಳು. ಅವಳಿಗೂ ಎಲ್ಲ ಗೊತ್ತಿತ್ತು, ಬೇಕೆಂದೇ ಕೇಳಿದಳು. ಅವಳ ಅಮ್ಮನ ಮಗಳು.

ಊಟಕ್ಕೆ ಇನ್ನೂ ಹೊತ್ತಿತ್ತು. ಮಗು ಜೋಲಿಯಲ್ಲಿ ಮಲಗಿತ್ತು. ಜಂತಿಯ ಕೊಂಡಿಗೆ ನನ್ನ ಹೆಂಡತಿಯ ಹಳೇ ಸೀರೆ ಕಟ್ಟಿ ಮಾಡಿದ ಜೋಲಿ. ಬೀಗಿತ್ತಿಯವರು ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ವಿಷಯ ತೆಗೆದರು.

"ಬೀಗರೇ, ನೀವು ಹೇಳಿದ ಹಾಗೆ ಏನೂ ಸದ್ದಿಲ್ಲ ಅನ್ನೋದು ನಿಜ. ಆದ್ರೂ..."

ಅಷ್ಟರಲ್ಲಿ ಎಲ್ಲೋ ಕೆಳಗಿನಿಂದ ಗುಡುಗುಡು ಎಂದಿತು. ನನ್ನ ಕಾಲಿನ ಕೆಳಗೆ ನೆಲ ನಡುಗಿತು. ಕಿಟಕಿ ಕಟಕಟ ಎಂದಿತು, ಗೋಡೆಯ ಕ್ಯಾಲೆಂಡರ್ ತನ್ನಷ್ಟಕ್ಕೆ ಪಟಪಟ ಬಡಿದುಕೊಂಡಿತು, ಚೆಂಬಿನ ನೀರು ಅಂಚಿನಿಂದ ತುಳುಕಿತು. ಜೋಲಿ ಯಾರೂ ಮುಟ್ಟದೆ ತೂಗಿತು. ನನಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಹಾರ್ನೇ ಇಲ್ಲದೆ ಗೂಡ್ಸ್ ಹೇಗೆ ಬಂತು? ಇವತ್ತೇ ಆಟೋದವರಿಗೆಲ್ಲ ಶಿಸ್ತು ಬಂದುಬಿಟ್ಟಿತೇ? ಮಿಕ್ಸಿ ಹತ್ತಿರ ಓಡಲು ಹೊತ್ತಿಲ್ಲ. ಕೂತಲ್ಲೇ ಕೂತೆ. ಮುಖದ ಮೇಲೆ ಏನೂ ತೋರಿಸಲಿಲ್ಲ.

"ಬೀಗರೇ, ಮನೆ ಅಲ್ಲಾಡ್ತಾ ಇದೆ," ಎಂದರು ಬೀಗಿತ್ತಿಯವರು.

"ಇಲ್ವಲ್ಲ."

"ಅಲ್ಲಾಡ್ತಾ ಇದೇರೀ. ಕುರ್ಚಿ ನೋಡಿ."

"ನೀವು ಬಸ್ಸಲ್ಲಿ ಬಂದಿದ್ದೀರಿ. ಆ ರೋಡಿನ ಕುಲುಕು ಇನ್ನೂ ಮೈಯಲ್ಲಿದೆ," ಎಂದೆ. ಹೇಳುವಾಗ ನನ್ನ ಹಲ್ಲು ಒಂದಕ್ಕೊಂದು ತಾಗುತ್ತಿದ್ದವು.

ನನ್ನ ಹೆಂಡತಿ ಅಡಿಗೆಮನೆಯಿಂದ ಸೌಟು ಹಿಡಿದು ಬಂದಳು. ಅವಳೂ ಗೂಡ್ಸ್ ಎಂದೇ ತಿಳಿದಿದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು, ತಾನೇ ಓಲಾಡುತ್ತಾ, "ಪಿತ್ತ ಇರ್ಬೇಕು ಬೀಗ್ತಿಯೋರೆ. ನಿಂಬೆಹಣ್ಣಿನ ಪಾನಕ ಮಾಡ್ಲಾ?" ಎಂದಳು.

"ನಂಗೆ ಪಿತ್ತ ಆದ್ರೆ ಚೆಂಬಿನ ನೀರು ಯಾಕ್ರೀ ಚೆಲ್ತಾ ಇದೆ?"

"ಎಲ್ಲಿ?" ಎಂದೆ ನಾನು, ಚೆಂಬಿನ ಮೇಲೆ ಪೇಪರ್ ಮುಚ್ಚುತ್ತಾ.

ಎಲೆಗೆ ಸುಣ್ಣ ಹಚ್ಚಿ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ನಡೆಯಿತು ಇದು. ನಿಂತ ಮೇಲೆ ನಾನು, ನೋಡಿ, ಈಗ ಹೇಗಿದೆ ತಲೆ, ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಬೀದಿಯಲ್ಲಿ ಕೂಗಿಕೊಂಡರು. ಅವರ ಮನೆಮಾತು ತಮಿಳು. ಗಾಬರಿಯಾದರೆ ಎರಡು ಭಾಷೆಯೂ ಒಟ್ಟಿಗೆ ಬರುತ್ತದೆ.

"ಅಣ್ಣಾ, ವಾಂಗ, ಹೊರಗೆ ಬನ್ನಿ. ಭೂಕಂಪ, ಭೂಕಂಪ."

ಆಗ ನನಗೆ ನಿಜವಾಗಿ ನಡುಕ ಬಂತು. ಜಂತಿಯನ್ನು ನೋಡಿದೆ. ಜಂತಿಯಿಂದ ಇಳಿದ ಜೋಲಿಯನ್ನು ನೋಡಿದೆ. ಜೋಲಿ ಖಾಲಿ ಇತ್ತು. ತಿರುಗಿ ನೋಡಿದರೆ ಬೀಗಿತ್ತಿಯವರು ಆಗಲೇ ಬೀದಿಯಲ್ಲಿದ್ದಾರೆ. ಬರಿಗಾಲು, ಬಾಯಲ್ಲಿ ಎಲೆ, ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದ ಮಗು, ಇನ್ನೊಂದು ಕೈಯಲ್ಲಿ ನನ್ನ ಮಗಳ ರಟ್ಟೆ. ಅಷ್ಟು ದೊಡ್ಡ ಆಳು ಅಷ್ಟು ಬೇಗ ಹೇಗೆ ಹೋದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು, ನನ್ನ ಹೆಂಡತಿ ಸೌಟಿನ ಸಮೇತ ಹಿಂದೆ ಓಡಿದೆವು.

ಬೀದಿ ತುಂಬ ಜನ. ಒಬ್ಬೊಬ್ಬರದು ಒಂದೊಂದು ಕಥೆ. ನಾನು ಮಗುವಿನ ಮುಖ ನೋಡಲು ಹೋದೆ. ಅದು ನಿದ್ದೆ ಮಾಡುತ್ತಿತ್ತು. ಬಾಯಿ ಅರ್ಧ ತೆರೆದು, ಮುಷ್ಟಿ ಗಲ್ಲಕ್ಕೆ ಇಟ್ಟುಕೊಂಡು, ಏನೂ ಆಗಿಲ್ಲ ಎಂಬ ಹಾಗೆ. ನನಗೆ ಅಲ್ಲೇ ಬೀದಿಯಲ್ಲಿ ಕುಣಿಯುವಷ್ಟು ಖುಷಿಯಾಯಿತು. ಆ ಖುಷಿ ಹೆಚ್ಚು ಹೊತ್ತು ಇರಲಿಲ್ಲ, ಯಾಕೆಂದರೆ ಪಕ್ಕದ ಮನೆಯ ಅಕ್ಕ ಮಾತು ಶುರುಮಾಡಿದರು.

"ನಾನು ಗೂಡ್ಸ್ ಅಂತ ಸುಮ್ನೆ ಇದ್ದೆ ಅಣ್ಣಾ. ದಿನಾ ಹಿಂಗೇ ತಾನೆ ಆಡೋದು."

ನಾನು ಕಣ್ಣು ಸನ್ನೆ ಮಾಡಿದೆ. ಅವರಿಗೆ ತಿಳಿಯಲಿಲ್ಲ.

"ಗೂಡ್ಸ್ ಬಂದ್ರೆ ನಿಮ್ಮನೆ ತಟ್ಟೆ ಸದ್ದು ನಮ್ಮನೆಗೆ ಕೇಳುತ್ತೆ. ಇವತ್ತು ಸದ್ದೇ ಇಲ್ಲ. ಆಗ್ಲೇ ಅನ್ಕೊಂಡೆ, ಇದೇನೋ ಬೇರೆ ಅಂತ."

"ನಾನೂ ಗೂಡ್ಸ್ ಅಂದ್ಕೊಂಡೆ," ಎಂದರು ಎದುರು ಮನೆಯವರು. "ಮೊನ್ನೆ ಬಂತಲ್ಲ, ಅದು ಇದಕ್ಕಿಂತ ಜೋರಿತ್ತು." ಅವರ ಪಕ್ಕದವರು, ಜೋರೆಂದರೆ ಹೋದ ವಾರದ್ದು, ನಮ್ಮ ಟಿವಿ ಸ್ಟ್ಯಾಂಡಿನಿಂದ ಇಳಿದೇ ಬಂತು ಎಂದರು. ಇಡೀ ಬೀದಿ ನನ್ನ ಬನಿಯನ್ ಚೂರುಗಳನ್ನೆಲ್ಲ ಒಂದೊಂದಾಗಿ ಎಳೆದು ಹೊರಗೆ ಹಾಕಿತು.

ಬೀಗಿತ್ತಿಯವರು ಎಲ್ಲವನ್ನೂ ಕೇಳಿಸಿಕೊಂಡರು. ಎಲೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದರು.

"ದಿನಾ ಎಷ್ಟು ಸಲ ಬೀಗರೇ?"

"ಯಾವುದು?"

"ನಂಗೆ ತಲೆ ತಿರುಗೋದು."

ನಾನು ಆಕಾಶ ನೋಡಿದೆ. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜ ಕುಣಿಯುತ್ತಿತ್ತು. ಮುಗಿಯಿತು, ಮೂರನೇ ತಿಂಗಳಿಗೇ ಮಗು ಹೋಯಿತು ಎಂದುಕೊಂಡೆ. ಬೇಡವೆನ್ನಲು ನನ್ನ ಹತ್ತಿರ ಇನ್ನು ಬಾಯಿ ಎಲ್ಲಿತ್ತು?

ಆಗ ಬೀಗಿತ್ತಿಯವರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಕೈಯಲ್ಲಿ ಮಗು ಇದ್ದದ್ದರಿಂದ ಮಗಳು ಸ್ಪೀಕರ್ ಹಾಕಿ ಹಿಡಿದಳು. ಶಿವಮೊಗ್ಗದಿಂದ ಬೀಗರು.

"ಲೇ, ಮನೆ ಅಲ್ಲಾಡ್ತು ಕಣೇ."

"ನಮ್ಮ ಮನೇನಾ?"

"ಮತ್ತೆ ಯಾರ್ದು? ಸ್ನಾನ ಮಾಡ್ತಿದ್ದೆ. ನಾನು ಚೊಂಬು ಮುಟ್ಟೋಕೆ ಮುಂಚೆ ಬಕೆಟ್ ನೀರು ತಾನೇ ಎದ್ದು ಮೈಮೇಲೆ ಬಂತು."

"ಇಷ್ಟೊತ್ತಾದ್ರೂ ಸ್ನಾನ ಆಗಿರ್ಲಿಲ್ವಾ?"

"ನೀನಿರ್ಲಿಲ್ವಲ್ಲ ಅಂತ ಸ್ವಲ್ಪ ನಿಧಾನಕ್ಕೆ..."

"ಈಗ ಎಲ್ಲಿದ್ದೀರಿ?"

"ರೋಡಲ್ಲಿ. ಇದು ವಾಚ್‌ಮನ್ ಫೋನು."

ಬೀಗಿತ್ತಿಯವರು ಸ್ವಲ್ಪ ತಡೆದು ಕೇಳಿದರು. "ಏನು ಹಾಕ್ಕೊಂಡಿದ್ದೀರಿ?"

"ವಾಚ್‌ಮನ್ ಶರ್ಟು."

"ಕೆಳಗೆ?"

ನಮ್ಮ ಬೀದಿಯವರೆಲ್ಲ ಫೋನಿನ ಕಡೆಗೆ ಒಂದು ಹೆಜ್ಜೆ ಹತ್ತಿರ ಬಂದರು.

"ಟವಲ್," ಎಂದರು.

"ಮೇಲೆ ಹೋಗಿ ಬಟ್ಟೆ ಹಾಕ್ಕೊಳ್ಳಿ."

"ಬಾಗ್ಲು ಬಡ್ಕೊಂಡು ಲಾಕ್ ಆಗಿದೆ. ಒಂದು ಕೀ ಒಳಗಿದೆ, ಇನ್ನೊಂದು ನಿನ್ ಬ್ಯಾಗಲ್ಲಿದೆ. ಲಿಫ್ಟೂ ಕೆಟ್ಟಿತ್ತು, ಮೂರು ಮಹಡಿ ಮೆಟ್ಲು ಇಳಿದು ಬಂದಿದ್ದೀನಿ. ಮೊಣಕಾಲು ನಂದಲ್ಲ ಈಗ."

ನನ್ನ ಮುಖ ಏನಾದರೂ ಹೇಳಿರಬಹುದು. ನನ್ನ ಹೆಂಡತಿ ಸೌಟಿನ ಹಿಡಿಯಿಂದ ನನ್ನ ಪಕ್ಕೆಗೆ ತಿವಿದಳು. ಆದರೆ ತಡೆಯಲು ಆಗಲಿಲ್ಲ.

"ಚಮಚ ಎಲ್ಲ ಸರಿ ಇದ್ಯಂತಾ ಕೇಳಿ," ಎಂದೆ.

ಬೀಗಿತ್ತಿಯವರು ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಅವರಿಗೂ ನಗು ಬಂತು. ಎಲೆ ಅಡಿಕೆ ನೆತ್ತಿಗೆ ಹತ್ತಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅವರ ಬೆನ್ನು ತಟ್ಟಲು ಪಕ್ಕದ ಮನೆಯ ಅಕ್ಕ, ನನ್ನ ಹೆಂಡತಿ ಇಬ್ಬರೂ ಸೇರಿದರು. ಇಷ್ಟೆಲ್ಲ ಕುಲುಕಾಟದಲ್ಲೂ ಮಗು ಏಳಲಿಲ್ಲ.

ಮಧ್ಯಾಹ್ನದ ಮೇಲೆ ಬೀಗರು ಬಸ್ಸಿಳಿದು ಬಂದರು. ವಾಚ್‌ಮನ್ ಪ್ಯಾಂಟನ್ನೂ ಕೊಟ್ಟಿದ್ದ ಪುಣ್ಯಾತ್ಮ. ನೀಲಿ ಶರ್ಟು, ಎದೆಯ ಮೇಲೆ ಸೆಕ್ಯೂರಿಟಿ ಎಂಬ ಪಟ್ಟಿ. ಬಸ್ಸಿನಲ್ಲಿ ಯಾರೂ ಕೂರಲು ಜಾಗ ಕೊಡಲಿಲ್ಲವಂತೆ, ಬಾಗಿಲ ಹತ್ತಿರ ನಿಲ್ಲಿಸಿ ಲಗೇಜು ನೋಡಿಕೊಳ್ಳಲು ಹೇಳಿದರಂತೆ. ನನ್ನ ಪಂಚೆ ಕೊಟ್ಟೆ. ಎಲ್ಲರೂ ಊಟಕ್ಕೆ ಕೂತೆವು. ಟಿವಿಯಲ್ಲಿ, ಇದು ಸಣ್ಣದು, ಯಾರಿಗೂ ಏನೂ ಆಗಿಲ್ಲ, ಹೆದರಬೇಡಿ ಎನ್ನುತ್ತಿದ್ದರು. ಮತ್ತೆ ನಡುಗಿದರೆ ಮೇಜಿನ ಕೆಳಗೋ ಮಂಚದ ಕೆಳಗೋ ತಲೆ ಮುಚ್ಚಿಕೊಂಡು ಕೂರಿ ಎಂದೂ ಹೇಳಿದರು. ಬೀಗರು ತುತ್ತು ನಿಲ್ಲಿಸಿ ಅದನ್ನು ಕೇಳಿಕೊಂಡರು.

ಬೀಗಿತ್ತಿಯವರು ಎರಡನೇ ಸಲ ಅನ್ನ ಹಾಕಿಸಿಕೊಂಡು ತೀರ್ಪು ಕೊಟ್ಟರು.

"ನಿಮ್ಮ ಯಜಮಾನ್ರು ಸುಳ್ಳು ಹೇಳಿದ್ದಕ್ಕೆ ಬೇರೆ ಲೆಕ್ಕ ಇದೆ," ಎಂದು ನನ್ನ ಹೆಂಡತಿಗೆ ಹೇಳಿ, ನನ್ನ ಕಡೆ ತಿರುಗಿದರು. "ಇವ್ರೊಬ್ರೇ ಇಳಿಯೋಕೆ ಇಷ್ಟು ಪಾಡು ಪಟ್ಟಿದ್ದಾರೆ. ಕೂಸು ಕಟ್ಕೊಂಡು ಬಾಣಂತಿ ಮೂರು ಮಹಡಿ ಹೆಂಗೆ ಇಳೀತಾಳೆ? ಇಲ್ಲಾದ್ರೆ ಹೊಸ್ತಿಲು ದಾಟಿದ್ರೆ ಬೀದಿ. ಅದೂ ಅಲ್ದೆ, ನನ್ನ ಕೈಯಲ್ಲೇ ಇತ್ತಲ್ಲ ಮಗು, ಅದು ಕಣ್ಣೇ ಬಿಡ್ಲಿಲ್ಲ. ಇಲ್ಲಿ ಅಲ್ಲಾಡೋದೇ ಅದಕ್ಕೆ ತೂಗಿದ ಹಂಗೆ ಆಗೋಗಿದೆ. ಐದಕ್ಕೇ ಕರ್ಕೊಂಡು ಹೋಗ್ತೀವಿ."

ನನ್ನ ಕೈಯಲ್ಲಿದ್ದ ಹಪ್ಪಳ ಪುಡಿಪುಡಿಯಾಯಿತು.

"ನನ್ನನ್ನ ಯಾರಾದ್ರೂ ಕೇಳ್ತೀರಾ?" ಎಂದಳು ಮಗಳು ಕೋಣೆಯಿಂದ.

"ನೀನು ಹೇಳಮ್ಮ."

"ನಂಗೂ ಐದೇ ಸರಿ. ಅಲ್ಲಿ ಲಿಫ್ಟ್ ರಿಪೇರಿ ಆಗೋಕೆ ಅಷ್ಟು ಬೇಕು."

"ಆದ್ರೆ ಒಂದು ಮಾತು," ಎಂದರು ಬೀಗಿತ್ತಿಯವರು. "ಕೂಸನ್ನ ಇಲ್ಲಿ ಬಿಟ್ಟು ನಂಗೆ ಅಲ್ಲಿ ನಿದ್ದೆ ಬರಲ್ಲ. ಹೆದರಿಕೆ ಹೋಗೋ ತನಕ ನಾನೂ ಇಲ್ಲೇ ಇರ್ತೀನಿ."

"ನಾನೂ," ಎಂದರು ಬೀಗರು, ತಟ್ಟೆಯಿಂದ ತಲೆ ಎತ್ತದೆ.

ನನ್ನ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಹೆದರಿಕೆ ಬೇಗ ಹೋಗುವಂಥದ್ದಲ್ಲ ಎಂದು ಆಮೇಲೆ ತಿಳಿಯಿತು. ಅಳಿಯಂದಿರು ದಾವಣಗೆರೆಯಿಂದ ಬಂದು ಕೀ ತೆಗೆದುಕೊಂಡು ಹೋದರು, ಆಮೇಲೆ ಬಟ್ಟೆಬರೆ ತಂದುಕೊಟ್ಟು ಹೋದರು. ಬೀಗಿತ್ತಿಯವರು ನಮ್ಮ ಅಡಿಗೆಮನೆಯನ್ನು ಅರ್ಧ ಗೆದ್ದರು. ಬಾಣಂತಿ ಸಾರಿಗೆ ಬೆಳ್ಳುಳ್ಳಿ ಎಷ್ಟು ಎಂಬ ವಿಷಯದಲ್ಲಿ ಇಬ್ಬರು ಹೆಂಗಸರಿಗೂ ಮೊದಲು ಜಗಳವಾಯಿತು, ಆಮೇಲೆ ನನ್ನನ್ನು ಬೈಯುವುದರಲ್ಲಿ ಒಂದಾದರು. ಬೀಗರಿಗೆ ಮಾತ್ರ ನಮ್ಮ ರೈಲು ಒಗ್ಗಲೇ ಇಲ್ಲ. ಗೂಡ್ಸ್ ಬಂದಾಗಲೆಲ್ಲ, ಅದು ಗೂಡ್ಸ್ ಎಂದು ಎಷ್ಟು ಹೇಳಿದರೂ, ಟಿವಿಯವರು ಹೇಳಿಕೊಟ್ಟ ಹಾಗೆ ತಲೆ ಮೇಲೆ ಕೈಯಿಟ್ಟುಕೊಂಡು ಮಂಚದ ಕೆಳಗೆ ನುಗ್ಗುತ್ತಿದ್ದರು. "ನಿಮಗೇ ಗೊತ್ತಾಗ್ಲಿಲ್ಲ ಅವತ್ತು ಯಾವುದು ಗೂಡ್ಸ್ ಯಾವುದು ಭೂಕಂಪ ಅಂತ, ನಂಗೆ ಹೇಳ್ತೀರಾ?" ಎಂದು ಅಲ್ಲಿಂದಲೇ ಕೇಳುತ್ತಿದ್ದರು.

ನಾಲ್ಕನೇ ತಿಂಗಳು ಬಿದ್ದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಮಗುವನ್ನು ಕೌದಿಯ ಮೇಲೆ ಬೋರಲು ಮಲಗಿಸಿದ್ದೆವು. ಗೂಡ್ಸ್ ಬಂತು. ಬೀಗರು ಎಂದಿನ ಹಾಗೆ ಮಂಚದ ಕೆಳಗೆ ನುಗ್ಗಿದರು, ಅವಸರಕ್ಕೆ ಹಣೆ ಮಂಚದ ಪಟ್ಟಿಗೆ ಬಡಿಯಿತು. "ಅಪ್ಪಾ" ಎಂದು ಅಲ್ಲಿಂದ ಮುಖ ಹೊರಗೆ ಹಾಕಿದರು. ಮಗು ಕತ್ತೆತ್ತಿ ಅವರನ್ನು ನೋಡಿತು. ನೋಡಿ, ನಕ್ಕಿತು. ಸುಮ್ಮನೆ ತುಟಿ ಅಗಲಿಸಿದ್ದಲ್ಲ. ಹೊಟ್ಟೆಯಿಂದ ಬಂದ ನಗು, ಸದ್ದು ಮಾಡಿ, ಮೈಯೆಲ್ಲ ಕುಲುಕಿ. ಮೊದಲನೇ ಸಲ.

ಗಾಡಿ ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ.

"ನನ್ನ ನೋಡಿ ನಕ್ಕಿದ್ದು," ಎಂದರು ಬೀಗರು ಹಣೆ ಉಜ್ಜಿಕೊಳ್ಳುತ್ತಾ.

"ನಿಮ್ಮನ್ನಲ್ಲ, ನಾನು ಪಕ್ಕದಲ್ಲಿ ಕೂತಿದ್ದೆ," ಎಂದರು ಬೀಗಿತ್ತಿಯವರು.

"ಇನ್ನೊಂದ್ಸಲ ಹೋಗಿ ನೋಡೋಣ," ಎಂದಳು ನನ್ನ ಹೆಂಡತಿ.

ಅವರು ಇನ್ನೊಂದು ಸಲ ಹೋದರು. ಮಗು ಮತ್ತೆ ನಕ್ಕಿತು. ಹಾಗಾದರೆ ನಾನೂ ಎಂದು ನಾನು ನುಗ್ಗಿದೆ. ನನಗೂ ನಕ್ಕಿತು, ಬೀಗರಿಗಿಂತ ಜೋರಾಗಿಯೇ ನಕ್ಕಿತು, ಯಾರು ಬೇಕಾದರೂ ಹೇಳುತ್ತಾರೆ. ಆಮೇಲೆ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಂದರು. ಬೀಗಿತ್ತಿಯವರನ್ನು ಒಳಗೆ ಸೇರಿಸುವುದು ಸುಲಭವಿರಲಿಲ್ಲ, ಬೀಗರು ಎಳೆದರು, ನನ್ನ ಹೆಂಡತಿ ತಳ್ಳಿದಳು. ನಾಲ್ಕು ಜನ ಮುದುಕರು ಒಂದು ಮಂಚದ ಕೆಳಗೆ ತಲೆ ಮೇಲೆ ಕೈಯಿಟ್ಟುಕೊಂಡು ಸಾಲಾಗಿ ಮಲಗಿದ್ದೆವು. ಮಗು ಕೌದಿಯ ಮೇಲೆ ಕೇಕೆ ಹಾಕುತ್ತಿತ್ತು.

ಅದೇ ಹೊತ್ತಿಗೆ ಅಳಿಯಂದಿರು, ಅಪ್ಪ ಅಮ್ಮನನ್ನು ಇವತ್ತಾದರೂ ಮನೆಗೆ ಕರೆದುಕೊಂಡು ಹೋಗಬೇಕು ಎಂದು ಶಿವಮೊಗ್ಗದಿಂದ ಬಂದವರು, ಬಾಗಿಲಲ್ಲಿ ನಿಂತರು. ನಮ್ಮನ್ನು ನೋಡಿದರು. ಮುಖ ಬೆಳ್ಳಗಾಯಿತು. ಒಂದೇ ನೆಗೆತಕ್ಕೆ ಮಗುವನ್ನು ಎತ್ತಿಕೊಂಡು, ಹೆಂಡತಿಯ ಕೈ ಹಿಡಿದು ಬೀದಿಗೆ ಓಡಿದರು. ಥೇಟ್ ಅವರಮ್ಮನ ಹಾಗೆ.

ಹೊರಗಿನಿಂದ ನನ್ನ ಮಗಳ ದನಿ ಕೇಳಿತು. "ಏನೂ ಆಗಿಲ್ಲರೀ. ನಿಮ್ಮ ಮಗಳು ನಗೋಕೆ ಕಲ್ತಿದಾಳೆ. ಬನ್ನಿ ಒಳಗೆ, ನೀವೂ ಬಗ್ಗಿ ತೋರ್ಸಿ."

ಅವರು ಬಂದರು. ಚಪ್ಪಲಿ ಬಿಟ್ಟರು. ಮಗುವನ್ನು ಕೌದಿಯ ಮೇಲಿಟ್ಟು, ಇಸ್ತ್ರಿ ಮಾಡಿದ ಪ್ಯಾಂಟಿನ ಮಂಡಿಯೂರಿ ನೋಡಿದರೆ, ಮಂಚದ ಕೆಳಗೆ ಐದನೆಯವರಿಗೆ ಜಾಗವಿರಲಿಲ್ಲ. ಬೀಗರು ಕಾಲು ಮಡಚಿಕೊಂಡರು, ಬೀಗಿತ್ತಿಯವರು ಉಸಿರು ಎಳೆದುಕೊಂಡರು.

"ಮಾವ, ಸ್ವಲ್ಪ ಸರೀತೀರಾ?" ಎಂದರು ಅಳಿಯಂದಿರು.

ಅಳಿಯ ಅಂದರೆ ನಮ್ಮಲ್ಲಿ ಬಹಳ ಮರ್ಯಾದೆ. ಆದರೆ ಮಗುವಿನ ಮುಖ ನೇರ ಕಾಣುವ ಜಾಗ ಅದೊಂದೇ. ನಾನು ಸರಿಯಲಿಲ್ಲ.